ನೋವಿಗೆ ಸಾಕ್ಷಿ ಯಾರು?

2006ರ ಮುಂಗಾರು ಹಿಡಿಯುವ ಹೊತ್ತಿಗೆ ನಮ್ಮೂರಿನಲ್ಲಿ ನೆಟ್ಟಗೆ ನಡೆಯುವವರನ್ನು ಹುಡುಕಬೇಕಾಗಿತ್ತು. ಒಂದೊಂದು ಮನೆಯಲ್ಲೂ ಇಬ್ಬರು ಮೂವರು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು. ಅಲ್ಲಿಯವರೆಗೆ ಯಾರೂ ಕೇಳಿರದಿದ್ದ ಚಿಕುನ್‌ಗುನ್ಯಾ ಎಂಬ ಹೆಸರು ಹಳ್ಳಿಯ ಮುದುಕಿಯರ ಬಾಯಲ್ಲೂ ಸಲೀಸಾಗಿ ಆಡುತ್ತಿತ್ತು. ಆ ವರ್ಷ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಏಳೂವರೆ ಲಕ್ಷದಷ್ಟು, ಕರ್ನಾಟಕದವೇ. 1952ರಲ್ಲಿ ಈಗಿನ ತಾಂಜಾನಿಯಾದಲ್ಲಿ ಈ ಜ್ವರ ಮೊದಲ ಬಾರಿಗೆ ಗುರುತಿಗೆ ಬಂದಾಗ ಅಲ್ಲಿನ ಮಕೊಂಡೆ ಜನ ಅದನ್ನು ಕರೆದ ಹೆಸರಿಗೆ ‘ಬಾಗಿಸುವಂಥದ್ದು’ ಎಂಬ ಅರ್ಥವಿದೆ. ನಮ್ಮೂರೂ ಹಾಗೆಯೇ ಬಾಗಿ ನಿಂತಿತ್ತು.

ಸಂಜೆಯಾದರೆ ನಮ್ಮ ಮನೆಯ ಜಗುಲಿಯ ಮೇಲೆ ಅಮ್ಮನ ಜೊತೆ ಐದಾರು ಹೆಂಗಸರು ಸೇರುತ್ತಿದ್ದರು. “ನಿಂಗೆ ಹಿಮ್ಮಡೀನಾ? ನಂಗೆ ಮಣಿಕಟ್ಟು ಕಣಕ್ಕ, ಮುದ್ದೆ ತಿರುವಕ್ಕೇ ಆಗ್ತಿಲ್ಲ” ಎಂದು ಒಬ್ಬರು. “ಬೆಳಿಗ್ಗೆ ಎದ್ದಾಗ್ಲೇ ಜಾಸ್ತಿ ಅಲ್ವಾ? ಬಿಸಿನೀರಲ್ಲಿ ಕೈ ಅದ್ದಿ ಒಂದು ಗಳಿಗೆ ಇಟ್ಕೊ, ಆಮೇಲೆ ಬೆರಳು ಮಡಚಕ್ಕೆ ಬರ್ತದೆ” ಎಂದು ಇನ್ನೊಬ್ಬರು. ಅವರಲ್ಲಿ ಯಾರೂ ಇನ್ನೊಬ್ಬರ ನೋವಿಗೆ ಪುರಾವೆ ಕೇಳಲಿಲ್ಲ. ರಕ್ತ ಪರೀಕ್ಷೆಯ ಚೀಟಿ ತೋರಿಸು ಅನ್ನಲಿಲ್ಲ. ಕೆಲಸ ತಪ್ಪಿಸಿಕೊಳ್ಳಲು ನಾಟಕ ಆಡುತ್ತಿದ್ದೀಯ ಎಂಬ ಮಾತು ಊರಿನ ಯಾವ ಗಂಡಸಿನ ಬಾಯಿಂದಲೂ ಬರಲಿಲ್ಲ. ಏಕೆಂದರೆ ಅವನೂ ಬಾಗಿದ್ದ.

ಬಹುಪಾಲು ಜನ ಕೆಲವು ವಾರಗಳಲ್ಲಿ, ಇನ್ನು ಕೆಲವರು ಕೆಲವು ತಿಂಗಳಲ್ಲಿ ಸುಧಾರಿಸಿಕೊಂಡರು. ಅಮ್ಮ ಸುಧಾರಿಸಿಕೊಳ್ಳಲಿಲ್ಲ. ಈ ಜ್ವರ ಬಂದುಹೋದ ಮೇಲೆ ಒಂದಷ್ಟು ಜನರಲ್ಲಿ ಕೀಲುನೋವು ವರ್ಷಗಟ್ಟಲೆ ಉಳಿಯುತ್ತದೆ ಎಂಬುದು ಈಗ ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಅಂದು ನಮಗೆ ಗೊತ್ತಿರಲಿಲ್ಲ. ಮರುವರ್ಷದ ಯುಗಾದಿಯ ಹೊತ್ತಿಗೆ ಜಗುಲಿ ಖಾಲಿಯಾಗಿತ್ತು, ಮನೆಯವರ ಮಾತೂ ಬದಲಾಗಿತ್ತು. “ಎಲ್ಲರಿಗೂ ಬಂತು, ಎಲ್ಲರಿಗೂ ವಾಸಿ ಆಯ್ತು. ಇವಳೊಬ್ಬಳಿಗೆ ಮಾತ್ರ ಏನಂತೆ?” ಎಕ್ಸ್‌ರೇ ತೆಗೆಸಿದರು. ಏನೂ ಇಲ್ಲ ಎಂದಿತು. ಅದಾದ ಮೇಲೆ ಅಮ್ಮ ನೋವಿನ ಮಾತನ್ನೇ ಬಿಟ್ಟರು. ಹಿಂದಿನ ಆಷಾಢದಲ್ಲಿ ಇದ್ದ ನೋವೇ ಚೈತ್ರದಲ್ಲೂ ಇತ್ತು, ಇದ್ದದ್ದು ಅದೇ ಮಣಿಕಟ್ಟಿನಲ್ಲಿ. ಕಡಿಮೆಯಾದದ್ದು ನೋವಲ್ಲ, ಅದನ್ನು ನಂಬುವವರ ಸಂಖ್ಯೆ.

ದೀರ್ಘಕಾಲದ ನೋವು ಮತ್ತು ನರಸಂಬಂಧಿ ತೊಂದರೆಗಳಿಂದ ಬಳಲುವವರಿಗೆ ಅವರಂತೆಯೇ ಬಳಲುವವರ ಜೊತೆ ಬೇಕು ಎಂದು ವಾದಿಸುವಾಗ ನನ್ನ ಕಣ್ಣ ಮುಂದೆ ಆ ಎರಡು ಜಗುಲಿಗಳಿರುತ್ತವೆ: ತುಂಬಿದ್ದದ್ದು ಮತ್ತು ಖಾಲಿಯಾದದ್ದು. ಸಮಾನ ನೋವಿನವರು ಒಟ್ಟಿಗೆ ಕೂರುವುದನ್ನು ನಾವು ಬರೀ ಸಮಾಧಾನ ಎಂದು, ಹೊತ್ತು ಕಳೆಯುವ ಮಾತುಕತೆ ಎಂದು ಬದಿಗೆ ಸರಿಸುತ್ತೇವೆ. ಅದು ತಪ್ಪು. ಅದು ಚಿಕಿತ್ಸೆಯ ಒಂದು ಅಂಗ. ಅದಕ್ಕೆ ಶಿಸ್ತು ಬೇಕು, ಜಾಗ ಬೇಕು, ನಮ್ಮ ಆರೋಗ್ಯ ವ್ಯವಸ್ಥೆಯ ಮನ್ನಣೆಯೂ ಬೇಕು.

ಮೊದಲು ನೋವು ಅಂದರೇನು ಎಂಬುದನ್ನು ನೋಡೋಣ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 1979ರಲ್ಲಿ ಕೊಟ್ಟ ವ್ಯಾಖ್ಯೆಯನ್ನು 2020ರಲ್ಲಿ ಪರಿಷ್ಕರಿಸಿತು. ನೋವು ಇಂದ್ರಿಯದ ಅನುಭವವೂ ಹೌದು, ಭಾವದ ಅನುಭವವೂ ಹೌದು. ಅಂಗಾಂಶಕ್ಕೆ ಪೆಟ್ಟು ಬಿದ್ದೇ ಇರಬೇಕೆಂದಿಲ್ಲ, ಪೆಟ್ಟು ಬಿದ್ದಾಗ ಆಗುವಂಥ ಅನುಭವವಾದರೂ ಅದು ನೋವೇ ಎಂಬುದು ಅದರ ಸಾರ. ಅದರ ಜೊತೆಗಿರುವ ಟಿಪ್ಪಣಿಯೊಂದು, ಒಬ್ಬ ವ್ಯಕ್ತಿ ತನಗೆ ನೋವಿದೆ ಎಂದರೆ ಆ ಮಾತನ್ನು ಗೌರವಿಸಬೇಕು ಎನ್ನುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗ ವರ್ಗೀಕರಣದಲ್ಲಿ ಇಂಥ ನೋವಿಗೆ ತನ್ನದೇ ಆದ ಸ್ಥಾನ ಸಿಕ್ಕಿದೆ. ಬೇರೊಂದು ರೋಗದ ಬಾಲವಾಗಿ ಮಾತ್ರವಲ್ಲ, ತಾನೇ ಒಂದು ರೋಗವಾಗಿ.

ಹೀಗಾಗಲು ಕಾರಣವಿದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು, ಗಾಯದಿಂದ ಮೆದುಳಿಗೆ ಸಾಗುವ ಸಂಕೇತವನ್ನು ಬೆನ್ನುಹುರಿಯಲ್ಲೇ ತಡೆಯುವ ಅಥವಾ ಬಿಡುವ ಒಂದು ‘ಬಾಗಿಲು’ ಇದೆ, ಮೆದುಳು ಮೇಲಿನಿಂದ ಅದನ್ನು ತೆರೆಯಬಲ್ಲದು, ಮುಚ್ಚಬಲ್ಲದು ಎಂಬ ಸಿದ್ಧಾಂತ ಮಂಡಿಸಿದರು. 1983ರಲ್ಲಿ ಕ್ಲಿಫರ್ಡ್ ವುಲ್ಫ್, ಪೆಟ್ಟಿನ ನಂತರ ನರವ್ಯೂಹದ ಕೇಂದ್ರವೇ ಅತಿಯಾಗಿ ಚುರುಕಾಗಬಹುದು ಎಂಬುದಕ್ಕೆ ಆಧಾರ ಒದಗಿಸಿದರು. ಹಗ್ಗ ಹರಿದಾಡಿ ಹರಿದಾಡಿ ಬಾವಿಕಟ್ಟೆಯ ಕಲ್ಲಿನಲ್ಲಿ ಜಾಡು ಬೀಳುತ್ತದಲ್ಲ, ಹಾಗೆ. ಜಾಡು ಬಿದ್ದ ಮೇಲೆ ಹಗ್ಗ ತಾನಾಗಿ ಅಲ್ಲಿಗೇ ಹೋಗಿ ಕೂರುತ್ತದೆ. ಮೊದಲ ಗಾಯ ಮಾಗಿದ್ದರೂ ನೋವಿನ ದಾರಿ ಉಳಿದಿರುತ್ತದೆ. ಮೈಯೆಲ್ಲ ನೋಯುವ ಫೈಬ್ರೋಮಯಾಲ್ಜಿಯಾದಂಥ ತೊಂದರೆಗಳನ್ನು ವೈದ್ಯಶಾಸ್ತ್ರ ಇಂದು ಅರ್ಥಮಾಡಿಕೊಳ್ಳುತ್ತಿರುವುದು ಬಹುಮಟ್ಟಿಗೆ ಈ ದಾರಿಯಲ್ಲೇ.

ಈ ಜಾಡು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಕಂಡದ್ದೂ ಎಲ್ಲ ಸಲ ನೋವಲ್ಲ. 2015ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಬೆನ್ನುಮೂಳೆಯ ಚಿತ್ರಗಳ ಅಧ್ಯಯನಗಳನ್ನು ಒಟ್ಟು ಮಾಡಿತು. ಇಪ್ಪತ್ತರ ವಯಸ್ಸಿನವರಲ್ಲಿ ಶೇ 37, ಎಂಬತ್ತರವರಲ್ಲಿ ಶೇ 96 ಜನರ ಬೆನ್ನುಮೂಳೆಯ ಡಿಸ್ಕ್‌ಗಳಲ್ಲಿ ಸವೆತದ ಗುರುತುಗಳಿದ್ದವು. ಅವರಿಗೆ ನೋವಿರಲಿಲ್ಲ. ಚಿತ್ರ ಕೆಟ್ಟಿದ್ದರೂ ನೋವಿಲ್ಲದೆ ಇರಬಹುದು, ಚಿತ್ರ ಚೆನ್ನಾಗಿದ್ದರೂ ನೋವಿರಬಹುದು. ಅಂದಮೇಲೆ ಆ ಫಿಲ್ಮಿನ ಹಾಳೆಯನ್ನು ಬೆಳಕಿಗೆ ಹಿಡಿದು ಒಬ್ಬರ ಮಾತು ಸುಳ್ಳೋ ನಿಜವೋ ಎಂದು ತೀರ್ಪು ಕೊಡುವ ಅಧಿಕಾರ ನಮಗೆಲ್ಲಿಂದ ಬಂತು?

ನರಸಂಬಂಧಿ ತೊಂದರೆಗಳಲ್ಲಿ ಈ ಸಂಕಷ್ಟ ಇನ್ನೂ ಹೆಚ್ಚು. ನಿಮ್ಹಾನ್ಸ್‌ನ ತಜ್ಞರು ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗದ ಸುಮಾರು 2,300 ಜನರನ್ನು ಮನೆಮನೆಗೆ ಹೋಗಿ ಮಾತನಾಡಿಸಿ ನಡೆಸಿದ ಸಮೀಕ್ಷೆಯಲ್ಲಿ, ಒಂದು ವರ್ಷದ ಅವಧಿಯಲ್ಲಿ ತಲೆನೋವು ಅನುಭವಿಸಿದವರು ಶೇ 64ರಷ್ಟು, ಅರೆತಲೆನೋವು ಅಂದರೆ ಮೈಗ್ರೇನ್ ಇದ್ದವರು ಶೇ 25ರಷ್ಟು ಎಂದು ಕಂಡುಬಂತು. ನಾಲ್ವರಲ್ಲಿ ಒಬ್ಬರು! ಅವರಲ್ಲಿ ಎಷ್ಟು ಮಂದಿ ಕತ್ತಲೆ ಕೋಣೆಯಲ್ಲಿ ಮಲಗಿದ್ದಾಗ “ಬರೀ ತಲೆನೋವಿಗೆ ಇಷ್ಟೊಂದಾ?” ಎಂಬ ಮಾತು ಕೇಳಿಸಿಕೊಂಡಿರಬಹುದು? ಸಕ್ಕರೆ ಕಾಯಿಲೆಯಿಂದ ನರ ಕೆಟ್ಟು ರಾತ್ರಿಯಿಡೀ ಪಾದ ಉರಿಯುವವರ ಕಾಲು ಹೊರನೋಟಕ್ಕೆ ಸರಿಯಾಗಿಯೇ ಇರುತ್ತದೆ. ಟ್ರೈಜೆಮಿನಲ್ ನರನೋವಿರುವವರಿಗೆ ಗಾಳಿ ಸೋಕಿದರೂ ಕೆನ್ನೆಯಲ್ಲಿ ಕರೆಂಟು ಹೊಡೆದಂತಾಗುತ್ತದೆ. ಮರುಕ್ಷಣ ಮುಖ ಮೊದಲಿನಂತೆಯೇ ಇರುತ್ತದೆ. ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವವರನ್ನು ಹೆಚ್ಚು ಹಣ್ಣು ಮಾಡುವುದು ಹೊರಗೆ ಕಾಣದ ಸುಸ್ತು. ಮೆದುಳಿನ ರಚನೆ ಸರಿಯಿದ್ದು ಅದರ ಕಾರ್ಯ ಹಳಿತಪ್ಪಿ ಕೈಕಾಲು ಸೋಲುವ, ನಡುಗುವ, ಫಿಟ್ಸ್‌ನಂತೆ ಬರುವ ತೊಂದರೆಗಳಿವೆ. ಅವಕ್ಕೆ ಒಂದು ಕಾಲದಲ್ಲಿ ಹಿಸ್ಟೀರಿಯಾ ಎಂಬ ಹಣೆಪಟ್ಟಿ ಹಚ್ಚಿದರು. ನಮ್ಮಲ್ಲಿ ಮೈಮೇಲೆ ಬಂದಿದೆ ಎಂದರು. ಇಂದು ನುರಿತ ನರರೋಗ ತಜ್ಞರು ಹಾಸಿಗೆಯ ಪಕ್ಕದಲ್ಲೇ ಪರೀಕ್ಷಿಸಿ ಇದು ಇಂಥದ್ದೇ ಎಂದು ಗುರುತಿಸಬಲ್ಲರು. ಆದರೂ “ಎಲ್ಲಾ ನಾರ್ಮಲ್ ಇದೆ, ಮನಸ್ಸಿಗೆ ಹಚ್ಕೋಬೇಡಿ” ಎಂಬ ಮಾತಿನೊಂದಿಗೆ ಚೀಟಿ ಕೈಗಿಟ್ಟು ಕಳಿಸುವುದು ನಿಂತಿಲ್ಲ. ನಾರ್ಮಲ್ ಎಂಬ ಪದ ಬೇರೆ ರೋಗಿಗೆ ವರ. ಇವರಿಗೆ ಅದು ಶಿಕ್ಷೆ.

ಇದಕ್ಕೆ ಭಾಷೆಯ ಮುಖವೂ ಒಂದಿದೆ. ತಲೆನೋವನ್ನು ವೈದ್ಯನಿಗೆ ವಿವರಿಸಹೊರಟವನ ಮುಂದೆ ಇಂಗ್ಲಿಷ್ ಭಾಷೆ ಬತ್ತಿಹೋಗುತ್ತದೆ ಎಂದು ವರ್ಜೀನಿಯಾ ವುಲ್ಫ್ 1926ರ ಪ್ರಬಂಧವೊಂದರಲ್ಲಿ ದೂರಿದ್ದರು. ಮುಂದೆ 1975ರಲ್ಲಿ ಅದೇ ಮೆಲ್ಜಾಕ್, ರೋಗಿಗಳು ನೋವನ್ನು ಬಣ್ಣಿಸುವ 78 ಪದಗಳನ್ನು ಇಪ್ಪತ್ತು ಗುಂಪುಗಳಾಗಿ ಜೋಡಿಸಿ ಮೆಕ್‌ಗಿಲ್ ನೋವಿನ ಪ್ರಶ್ನಾವಳಿಯನ್ನು ರೂಪಿಸಿದರು. ನೋವನ್ನು ಅಳೆಯಲು ಹೊರಟ ವಿಜ್ಞಾನ ಕೊನೆಗೆ ನೊಂದವರ ಮಾತಿನ ಬಳಿಗೇ ಬಂತು ಎಂಬುದು ಸಣ್ಣ ಸಂಗತಿಯಲ್ಲ. ಕನ್ನಡಕ್ಕಂತೂ ಈ ಬಡತನವಿಲ್ಲ. ಸೆಳೆತ, ಸಿಡಿತ, ಉರಿ, ಕೊರೆತ, ಹಿಂಡಿದಂತೆ, ನುಲಿದಂತೆ, ಮುಳ್ಳಾಡಿಸಿದಂತೆ, ಇರುವೆ ಹರಿದಂತೆ, ಜೋಮು, ಮರಗಟ್ಟುವುದು, ಛಳಕ್ ಎನ್ನುವುದು, ಧಿಮ್ ಎನ್ನುವುದು. ಉತ್ತರ ಕರ್ನಾಟಕದ ‘ಬ್ಯಾನಿ’ಗೂ ‘ತ್ರಾಸಿ’ಗೂ ಇರುವ ವ್ಯತ್ಯಾಸ ಅಲ್ಲಿನ ಮಗುವಿಗೂ ಗೊತ್ತು. ಇರುವೆ ಹರಿದಂತೆ, ಜೋಮು ಹಿಡಿದಂತೆ, ಕರೆಂಟು ಹೊಡೆದಂತೆ ಎಂಬ ಮಾತುಗಳು ನರದ ನೋವಿನ ಸುಳಿವು ಕೊಡುತ್ತವೆ. ಕಿವಿಗೊಟ್ಟ ವೈದ್ಯರಿಗೆ ಅದರಲ್ಲೇ ಅರ್ಧ ರೋಗನಿರ್ಣಯವಿದೆ. ಪದಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಅವನ್ನು ಪೂರ್ತಿ ಕೇಳಿಸಿಕೊಳ್ಳುವಷ್ಟು ಹೊತ್ತಿಗೆ. ನೂರಾರು ಜನ ಹೊರಗೆ ಕಾದಿರುವ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಆದರೆ ಆ ಹೊತ್ತು ಎಲ್ಲಾದರೂ ಸಿಗಲೇಬೇಕಲ್ಲ?

ಅದು ಸಿಗುವುದು ಅದೇ ದಾರಿಯಲ್ಲಿ ನಡೆದವರ ಬಳಿ. ನಿಮ್ಮ ಅರ್ಧ ವಾಕ್ಯವನ್ನು ಪೂರ್ತಿ ಮಾಡಬಲ್ಲವರು ಅವರು. “ಬೆಳಿಗ್ಗೆ ಎದ್ದಾಗ ರಾತ್ರಿಯೆಲ್ಲ ಯಾರೋ ಒನಕೆಯಲ್ಲಿ...” ಅನ್ನುವಷ್ಟರಲ್ಲಿ “ಕುಟ್ಟಿದ ಹಾಗೆ, ಅಲ್ವಾ?” ಎಂದು ಎದುರಿನವರು ಹೇಳಿದರೆ ಅಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ನನಗೆ ಹುಚ್ಚು ಹಿಡಿದಿಲ್ಲ ಎಂಬ ಧೈರ್ಯ ಬರುತ್ತದೆ. ನಾಳೆ ವೈದ್ಯರಿಗೆ ಹೇಳಲು ಒಂದು ಸರಿಯಾದ ಮಾತೂ ಸಿಗುತ್ತದೆ.

ಮೂರನೆಯ ಲಾಭ ಬದುಕಿನ ಉಪಾಯಗಳದು. ನೋವು ಕಡಿಮೆಯಿರುವ ದಿನ ಬಾಕಿ ಉಳಿದ ಕೆಲಸವನ್ನೆಲ್ಲ ಒಂದೇ ಉಸಿರಿಗೆ ಮುಗಿಸಿ, ಆಮೇಲೆ ಮೂರು ದಿನ ಏಳಲಾಗದೆ ಮಲಗುವುದು ದೀರ್ಘಕಾಲದ ನೋವಿನವರಲ್ಲಿ ಅನೇಕರು ಮಾಡುವ ತಪ್ಪು. ಒಳ್ಳೆಯ ದಿನವೂ ಅರ್ಧಕ್ಕೇ ನಿಲ್ಲಿಸು, ಕೆಟ್ಟ ದಿನವೂ ಸ್ವಲ್ಪವಾದರೂ ನಡೆ ಎಂಬ ಪಾಠವನ್ನು ಫಿಸಿಯೋಥೆರಪಿಯವರು ಹೇಳಿದಾಗ ಅದು ಸಲಹೆ. ಅದೇ ತಪ್ಪನ್ನು ಹತ್ತು ವರ್ಷ ಮಾಡಿ ಕಲಿತವರು ಹೇಳಿದಾಗ ಅದು ಮನಸ್ಸಿಗೆ ಇಳಿಯುತ್ತದೆ. ಬಟ್ಟೆ ಹಿಂಡುವ ಬದಲು ನೀರು ಸೋರಲು ಬಿಡುವುದು, ದೊಡ್ಡ ಬಿಂದಿಗೆಯ ಬದಲು ಎರಡು ಚಿಕ್ಕ ಕೊಡ, ಮುಖದ ನರನೋವಿನವರು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರದಿರುವುದು, ತಲೆನೋವಿನವರು ಯಾವ ದಿನ ಏನು ತಿಂದೆ, ಎಷ್ಟು ನಿದ್ದೆ ಮಾಡಿದೆ, ಯಾವ ಮಾತ್ರೆ ನುಂಗಿದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು: ಇವೆಲ್ಲ ಬದುಕಿ ಕಲಿತ ವಿದ್ಯೆ, ಔಷಧಿ ಅಂಗಡಿಯಲ್ಲಿ ಮಾರಾಟಕ್ಕಿಲ್ಲ.

ಇಷ್ಟಾದರೂ ಇದೆಲ್ಲ ಮನಸ್ಸಿನ ಸಮಾಧಾನ ತಾನೇ ಎನ್ನುವವರಿದ್ದಾರೆ. ಅವರು ಒಂದು ಪ್ರಯೋಗವನ್ನು ಗಮನಿಸಬೇಕು. 1978ರಲ್ಲಿ ಅಮೆರಿಕದ ಸಂಶೋಧಕರು, ಹಲ್ಲು ಕೀಳಿಸಿಕೊಂಡವರಲ್ಲಿ ಔಷಧವೇ ಇಲ್ಲದ ಚುಚ್ಚುಮದ್ದಿನಿಂದ ನೋವು ತಗ್ಗಿದಾಗ, ಅಫೀಮಿನ ಬಗೆಯ ರಾಸಾಯನಿಕಗಳನ್ನು ತಡೆಯುವ ನಲೋಕ್ಸೋನ್ ಕೊಟ್ಟು ನೋಡಿದರು. ತಗ್ಗಿದ್ದ ನೋವು ಮತ್ತೆ ಏರಿತು. ಅಂದರೆ ಭರವಸೆಯಿಂದ ನೋವು ಇಳಿಯುವಾಗ ಮೆದುಳು ತಾನೇ ತಯಾರಿಸಿದ ನೋವುಶಾಮಕ ಕೆಲಸ ಮಾಡುತ್ತಿರುತ್ತದೆ. ಭಯ, ಒಂಟಿತನ, ನಿದ್ದೆಗೇಡು ನೋವನ್ನು ಏರಿಸುತ್ತವೆ. ಧೈರ್ಯ ಮತ್ತು ಭರವಸೆ ಇಳಿಸುತ್ತವೆ. ಮೆಲ್ಜಾಕ್ ಮತ್ತು ವಾಲ್ ಹೇಳಿದ ಬಾಗಿಲಿನ ಅಗುಳಿ ಎರಡೂ ಕಡೆಗೆ ಸರಿಯುತ್ತದೆ. ಮನಸ್ಸು, ದೇಹ ಎಂದು ಗೆರೆ ಎಳೆದು ಒಂದನ್ನು ನಿಜ, ಇನ್ನೊಂದನ್ನು ಸುಳ್ಳು ಎನ್ನುವವರ ಮಾತಿಗೆ ವಿಜ್ಞಾನದ ಬೆಂಬಲವಿಲ್ಲ.

ಈ ತಿಳಿವಳಿಕೆ ಬೇರೆಡೆ ವ್ಯವಸ್ಥೆಯ ರೂಪ ಪಡೆದಿದೆ. ಸ್ವತಃ ದೀರ್ಘಕಾಲದ ನೋವಿನಿಂದ ಬಳಲಿದ ಪೆನ್ನಿ ಕೋವನ್ 1980ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಶುರುಮಾಡಿದ ಸಣ್ಣ ಗುಂಪು ಅಮೆರಿಕನ್ ಕ್ರಾನಿಕ್ ಪೇನ್ ಅಸೋಸಿಯೇಷನ್ ಆಗಿ ಬೆಳೆಯಿತು. ರೋಗಿಯಾಗಿರುವುದರಿಂದ ಮತ್ತೆ ಮನುಷ್ಯನಾಗುವತ್ತ ನಡೆಯುವುದು ಅದರ ಗುರಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಅವರು ಕೀಲುವಾತದವರಿಗಾಗಿ ರೂಪಿಸಿದ ತರಬೇತಿಯನ್ನು ನಡೆಸಿಕೊಡುವವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಅವರಲ್ಲಿ ಅನೇಕರು ಅದೇ ಕಾಯಿಲೆಯವರು. ಆರು ವಾರ, ವಾರಕ್ಕೆ ಸುಮಾರು ಎರಡು ಗಂಟೆ. ಅದರಿಂದ ಸುಧಾರಿಸಿದವರನ್ನು ಪರಿಶೀಲಿಸಿದಾಗ ಲೋರಿಗ್ ಅವರಿಗೆ ಕಂಡದ್ದು ಇದು: ಎಷ್ಟು ವ್ಯಾಯಾಮ ಮಾಡಿದರು ಎಂಬುದಕ್ಕಿಂತ, ಈ ನೋವನ್ನು ನಾನು ನಿಭಾಯಿಸಬಲ್ಲೆ ಎಂಬ ನಂಬಿಕೆ ಎಷ್ಟು ಬೆಳೆಯಿತು ಎಂಬುದೇ ಹೆಚ್ಚು ಮುಖ್ಯ. ಆ ಮಾದರಿಯನ್ನೇ ಹಿಡಿದು ಇಂಗ್ಲೆಂಡ್ 2002ರಲ್ಲಿ ತನ್ನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ‘ಪರಿಣತ ರೋಗಿ’ ಕಾರ್ಯಕ್ರಮ ಆರಂಭಿಸಿತು. ಅದರ ಫಲವನ್ನೂ ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಭಾಗವಹಿಸಿದವರ ಆತ್ಮವಿಶ್ವಾಸ, ಚೈತನ್ಯ ಹೆಚ್ಚಿದವು. ಆದರೆ ವೈದ್ಯರ ಬಳಿಗೆ ಹೋಗುವುದು ನಿರೀಕ್ಷಿಸಿದಷ್ಟು ಕಡಿಮೆಯಾಗಲಿಲ್ಲ. ಅಂದರೆ ಜೊತೆಗಾರರ ಗುಂಪು ಆಸ್ಪತ್ರೆಗೆ ಬದಲಿಯಲ್ಲ. ಬದಲಿ ಎಂದು ಯಾರಾದರೂ ಹೇಳಿದರೆ ನಂಬಬಾರದು.

ಇಲ್ಲಿಗೆ ಆಕ್ಷೇಪಗಳ ಮಾತು ಬರುತ್ತದೆ. ನೋವಿನವರೆಲ್ಲ ಸೇರಿ ನೋವಿನ ಮಾತನ್ನೇ ಆಡುತ್ತಿದ್ದರೆ ನೋವು ಬೆಳೆಯುವುದಿಲ್ಲವೇ? ಬೆಳೆಯಬಹುದು. ಗೋಳು ಹೇಳಿಕೊಳ್ಳುವುದಷ್ಟೇ ಕೆಲಸವಾದ ಗುಂಪಿನಿಂದ ಜನ ಬಂದದ್ದಕ್ಕಿಂತ ಭಾರವಾಗಿ ಮನೆಗೆ ಹೋಗುತ್ತಾರೆ. ಎರಡನೆಯದು ಇನ್ನೂ ಗಂಭೀರ. ಒಬ್ಬರ ಮಾತ್ರೆಯನ್ನು ಇನ್ನೊಬ್ಬರು ನುಂಗುವುದು, ಯಾವುದೋ ಊರಿನ ಹೆಸರಿಲ್ಲದ ಪುಡಿಯನ್ನು ತರಿಸಿ ಹಂಚುವುದು ಇಂಥ ಸ್ನೇಹದಲ್ಲೇ ಶುರುವಾಗುತ್ತದೆ. ಏನೆಂದು ತಿಳಿಯದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಮೊದಲ ವಾರ ಪವಾಡದಂತೆ ಆರಾಮ, ಆಮೇಲೆ ಮೂಳೆ, ಸಕ್ಕರೆ, ರಕ್ತದೊತ್ತಡ ಎಲ್ಲವೂ ಹದಗೆಡುತ್ತವೆ. ಅಂಗಡಿಯಿಂದ ತಂದ ಸಾದಾ ನೋವಿನ ಮಾತ್ರೆಯನ್ನೂ ತಿಂಗಳಿಗೆ ಹದಿನೈದು ದಿನ, ಹೀಗೆ ಮೂರು ತಿಂಗಳು ನುಂಗಿದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು. ಫಿಟ್ಸ್‌ಗೂ ನರನೋವಿಗೂ ಕೊಡುವ ಮಾತ್ರೆಗಳನ್ನು ಯಾರದೋ ಮಾತು ಕೇಳಿ ಥಟ್ಟನೆ ನಿಲ್ಲಿಸುವುದು ಅಪಾಯ. ಮೂರನೆಯ ಆಕ್ಷೇಪ, ನನ್ನದೂ ನಿನ್ನಂಥದ್ದೇ ಎಂಬ ಮಾತು ಹೊಸ ರೋಗವನ್ನು ಮುಚ್ಚಿಹಾಕಬಹುದು ಎಂಬುದು.

ಈ ಮೂರೂ ಆಕ್ಷೇಪಗಳನ್ನು ನಾನು ಒಪ್ಪುತ್ತೇನೆ. ಆದರೆ ಇವು ಗುಂಪು ಬೇಡ ಎನ್ನಲು ಕಾರಣಗಳಲ್ಲ, ಗುಂಪಿಗೆ ನಿಯಮ ಬೇಕು ಎನ್ನಲು ಕಾರಣಗಳು. ಗುಂಪಿಲ್ಲದಿದ್ದರೂ ಆ ಪುಡಿ ಮನೆಗೆ ಬರುತ್ತದೆ. ಬೇಡ ಎಂದು ಎಚ್ಚರಿಸುವ ಅನುಭವಿ ಮಾತ್ರ ಇರುವುದಿಲ್ಲ. ಆದ್ದರಿಂದ ಕೂಟದಲ್ಲಿ ನೋವಿಗೆ ಇಷ್ಟು ಹೊತ್ತು, ಈ ವಾರ ಏನು ಮಾಡಿದೆ ಎಂಬುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಎಂದು ಇರಲಿ. ನನಗೆ ಹೀಗಾಯಿತು ಎಂದು ಹೇಳಬಹುದು, ನೀನು ಇದನ್ನೇ ತಿನ್ನು ಎಂದು ಹೇಳುವಂತಿಲ್ಲ. ಕೂಟದಲ್ಲಿ ಯಾವ ಔಷಧವನ್ನೂ ಮಾರುವಂತಿಲ್ಲ, ಕೊಡುವಂತಿಲ್ಲ. ಕೇಳಿದ್ದು ಆ ಕೋಣೆಯಿಂದ ಆಚೆ ಹೋಗುವಂತಿಲ್ಲ. ಮತ್ತು ಕೆಲವು ಲಕ್ಷಣಗಳನ್ನು ಪ್ರತಿಯೊಬ್ಬರೂ ಬಾಯಿಪಾಠ ಮಾಡಿರಬೇಕು: ಹಿಂದೆಂದೂ ಕಾಣದ ಸಿಡಿಲಿನಂಥ ತಲೆನೋವು, ಇದ್ದಕ್ಕಿದ್ದಂತೆ ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು ಅಥವಾ ಬಾಯಿ ಸೊಟ್ಟಗಾಗುವುದು, ಜ್ವರದೊಂದಿಗೆ ಕುತ್ತಿಗೆ ಬಿಗಿಯುವುದು, ಬೆನ್ನುನೋವಿನೊಂದಿಗೆ ಮೂತ್ರ ಮಲದ ಹಿಡಿತ ತಪ್ಪುವುದು ಅಥವಾ ತೊಡೆಯ ಸಂದು ಮರಗಟ್ಟುವುದು. ಇವುಗಳಲ್ಲಿ ಯಾವುದು ಕಂಡರೂ ಮಾತುಕತೆ ಸಲ್ಲದು. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ಈ ಪಟ್ಟಿ ಕಲಿತ ಹತ್ತು ಜನರ ನಡುವೆ ಇರುವವರು ಒಂಟಿಯಾಗಿ ಮನೆಯಲ್ಲಿ ಇರುವವರಿಗಿಂತ ಹೆಚ್ಚು ಸುರಕ್ಷಿತ.

ಒಟ್ಟಾಗುವುದರಿಂದ ಆಗುವ ಇನ್ನೊಂದು ಕೆಲಸವಿದೆ. ಒಬ್ಬರ ನೋವು ದೂರು ಅನ್ನಿಸಿಕೊಳ್ಳುತ್ತದೆ, ಹಲವರ ನೋವು ಸಾರ್ವಜನಿಕ ಸಂಗತಿಯಾಗುತ್ತದೆ. ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ದಲಿತ ಕೂಲಿ ಕುಟುಂಬಗಳ ಜನ ಸೊಂಟ, ಮಂಡಿಯ ತೀವ್ರ ನೋವಿನಿಂದ ಕುಸಿದರು. ಎಷ್ಟೋ ಜನ ತೆವಳುವ ಸ್ಥಿತಿಗೆ ಬಂದರು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದರಿಂದ ಹೀಗಾಯಿತೇ ಎಂಬ ಶಂಕೆ ಮೊದಲು ಇತ್ತು. ಮುಂದೆ ನಡೆದ ಅಧ್ಯಯನಗಳು ಇದು ವಂಶವಾಹಿಯಿಂದ ಬರುವ ಮೂಳೆ ಕೀಲುಗಳ ತೊಂದರೆ ಎಂಬ ಕಡೆಗೆ ಬೆರಳು ತೋರಿದವು. ಅದೇ ನೋವು ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇತರ ಹಳ್ಳಿಗಳಲ್ಲೂ ಕಂಡಿತು. ಒಂದೊಂದು ಗುಡಿಸಲಿನಲ್ಲಿ ಒಬ್ಬೊಬ್ಬರಾಗಿ ನರಳಿದ್ದರೆ ಅದು ಅವರವರ ಹಣೆಬರಹವಾಗಿ ಮುಗಿಯುತ್ತಿತ್ತು. ಹಲವರ ನೋವು ಒಟ್ಟಾಗಿ ಕಣ್ಣಿಗೆ ಬಿದ್ದದ್ದರಿಂದ ವಿಜ್ಞಾನಿಗಳು ಬಂದರು, ಕಾಯಿಲೆಗೆ ಊರಿನ ಹೆಸರು ಬಂತು, ಚಿಕಿತ್ಸೆಯನ್ನೂ ನೆರವನ್ನೂ ಹಕ್ಕಾಗಿ ಕೇಳಲು ಸಾಧ್ಯವಾಯಿತು. ಅವರಿಗೆ ಸಲ್ಲಬೇಕಾದದ್ದೆಲ್ಲ ಸಂದಿದೆ ಎಂದು ನಾನು ಹೇಳುತ್ತಿಲ್ಲ. ಕೇಳುವ ದನಿ ಹುಟ್ಟಿದ್ದು ಒಟ್ಟಾದದ್ದರಿಂದ ಎಂದಷ್ಟೇ ಹೇಳುತ್ತಿದ್ದೇನೆ.

ಕಾನೂನಿನಲ್ಲೂ ಇದರ ಫಲ ಕಾಣುತ್ತದೆ. ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವವರಿಗಾಗಿ 1985ರಲ್ಲಿ ಮುಂಬೈನಲ್ಲಿ ಹುಟ್ಟಿದ ಸಂಸ್ಥೆಗೆ ಬೆಂಗಳೂರಿನಲ್ಲೂ ಶಾಖೆಯಿದೆ. ಪಾರ್ಕಿನ್ಸನ್ ಇರುವವರಿಗೂ ದೇಶದಲ್ಲಿ ಬೆಂಬಲದ ಗುಂಪುಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಈ ಎರಡೂ ಸೇರಿವೆ. ದೀರ್ಘಕಾಲದ ನೋವು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಫೈಬ್ರೋಮಯಾಲ್ಜಿಯಾದ ಹೆಸರಿಲ್ಲ, ಮೈಗ್ರೇನಿನ ಹೆಸರಿಲ್ಲ. ಹೆಸರಿಲ್ಲದವರು ಒಬ್ಬರನ್ನೊಬ್ಬರು ಕಂಡುಕೊಳ್ಳದೆ ಈ ಕೊರತೆ ತುಂಬುವುದು ಕಷ್ಟ.

ಹಾಗಾದರೆ ನಮ್ಮಲ್ಲಿ ಇದನ್ನು ಎಲ್ಲಿಂದ ಆರಂಭಿಸಬೇಕು? ಪಕ್ಕದ ಕೇರಳ ಒಂದು ದಾರಿ ತೋರಿಸಿದೆ. 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಶುರುವಾದ ನೋವು ಉಪಶಮನದ ಕೆಲಸ, ನೆರೆಹೊರೆಯ ಸ್ವಯಂಸೇವಕರ ಜಾಲವಾಗಿ ಹಳ್ಳಿಹಳ್ಳಿಗೆ ಹರಡಿ, 2008ರಲ್ಲಿ ರಾಜ್ಯದ ನೀತಿಯೇ ಆಯಿತು. ನೋವಿನ ಆರೈಕೆ ಆಸ್ಪತ್ರೆಯ ಗೋಡೆಯೊಳಗೇ ಇರಬೇಕಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು. ನಮ್ಮಲ್ಲೂ ಅಡಿಪಾಯವಿದೆ. 2000-01ರಿಂದ ನಡೆದುಬಂದ ಸ್ತ್ರೀಶಕ್ತಿ ಸಂಘಗಳ ಹೆಂಗಸರು ಉಳಿತಾಯದ ಲೆಕ್ಕಕ್ಕಾಗಿ ಹೇಗೂ ಒಟ್ಟಿಗೆ ಕೂರುತ್ತಾರೆ. ಆ ಸಭೆಗಳಲ್ಲಿ ತಿಂಗಳಿಗೊಮ್ಮೆ ಒಂದು ಗಂಟೆ ಮೈನೋವಿಗೆ, ತಲೆನೋವಿಗೆ ಮೀಸಲಿಡಲು ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ. ಅಪಾಯದ ಲಕ್ಷಣಗಳ ಪಟ್ಟಿಯನ್ನು ಕನ್ನಡದಲ್ಲಿ ಕಲಿಸಲು ಆಶಾ ಕಾರ್ಯಕರ್ತೆಯರಿದ್ದಾರೆ. ತಲೆನೋವು, ಫಿಟ್ಸ್, ಪಾರ್ಶ್ವವಾಯು, ಮರೆವಿನ ಕಾಯಿಲೆಗಳ ಆರೈಕೆಯನ್ನು ಜಿಲ್ಲೆಗಳಿಗೆ ಒಯ್ಯಲು ರಾಜ್ಯ ಆರೋಗ್ಯ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಮೆದುಳು ಆರೋಗ್ಯದ ಕಾರ್ಯಕ್ರಮ ಆರಂಭಿಸಿದೆ. ಅಂಥ ಪ್ರತಿ ಚಿಕಿತ್ಸಾಲಯದ ಪಕ್ಕದಲ್ಲೂ ತಿಂಗಳಿಗೊಂದು ದಿನ ನಾಲ್ಕು ಬೆಂಚು ಹಾಕಿ, ಅಲ್ಲಿಗೆ ಬರುವವರೇ ಪರಸ್ಪರ ಮಾತನಾಡಲು ಬಿಟ್ಟರೆ, ಒಬ್ಬ ದಾದಿ ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡರೆ, ಅದು ಚಿಕಿತ್ಸೆಯ ಮುಂದುವರಿಕೆಯಾಗುತ್ತದೆ. ಎಚ್‌ಐವಿ ವಿಷಯದಲ್ಲಿ, ಸೋಂಕಿನೊಂದಿಗೆ ಬದುಕುವವರೇ ಇತರರಿಗೆ ದಾರಿ ತೋರಬಲ್ಲರು ಎಂಬುದನ್ನು ಇದೇ ರಾಜ್ಯ ಒಪ್ಪಿ ನಡೆದಿದೆ. ನೋವಿನ ವಿಷಯದಲ್ಲಿ ಒಪ್ಪಲು ಯಾವ ಅಡ್ಡಿಯೂ ಇಲ್ಲ.

ಕುಟುಂಬದವರಿಗೂ ಒಂದು ಮಾತು. ನಿಮ್ಮ ಹೆಂಡತಿ, ಅತ್ತೆ, ಮಗ ಹೊರಗಿನವರ ಬಳಿ ಹೋಗಿ ನೋವು ಹೇಳಿಕೊಂಡರೆ ಅದು ಮನೆಯ ಮರ್ಯಾದೆಯ ಪ್ರಶ್ನೆಯಲ್ಲ. ನೀವು ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ಅವರ ಪಾದದ ಉರಿ ನಿಮ್ಮ ಪಾದಕ್ಕೆ ಬರುವುದಿಲ್ಲ. ಆ ಉರಿಯನ್ನು ಬಲ್ಲವರ ಜೊತೆ ಒಂದು ಗಂಟೆ ಕುಳಿತು ಬಂದರೆ ಅವರು ಮನೆಗೆ ತರುವುದು ಹಗುರವಾದ ಮುಖವನ್ನು. ವೈದ್ಯರಲ್ಲೂ ಒಂದು ಬಿನ್ನಹ. ‘ಏನೂ ಇಲ್ಲ’ ಎನ್ನುವ ಕಡೆಯಲ್ಲಿ ‘ಈ ಪರೀಕ್ಷೆಯಲ್ಲಿ ಕಾಣುತ್ತಿಲ್ಲ, ಆದರೆ ನಿಮ್ಮ ನೋವು ನಿಜ’ ಎನ್ನಿ. ಅದಕ್ಕೆ ಬೇಕಾದ ಹೊತ್ತು ಅಷ್ಟೇ, ಅದರ ಫಲ ಬೇರೆ.

ಅಮ್ಮನ ಕತೆಯನ್ನು ಪೂರ್ತಿ ಮಾಡಬೇಕು. ನಾಲ್ಕು ವರ್ಷ ಅವರು ಬಾಯಿ ಬಿಡಲಿಲ್ಲ. ಒಂದು ದಿನ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ, ಮುಂದೆ ನಿಂತ ಹೆಂಗಸು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದುದನ್ನು ಕಂಡರು. ತಾವೂ ಹಾಗೆಯೇ ಮಾಡುತ್ತಿದ್ದರು. ಆಕೆ ತಿರುಗಿ ನೋಡಿ ಕೇಳಿದ್ದು ಒಂದೇ ಮಾತು: “ನಿಮಗೂನಾ?”

ಆಕೆಗೂ ಅದೇ ಜ್ವರ ಬಂದುಹೋಗಿತ್ತು, ಆಕೆಯ ಕೀಲುಗಳೂ ಹಾಗೇ ಉಳಿದಿದ್ದವು. ಪಟ್ಟಣದಲ್ಲಿ ಕೀಲುವಾತಕ್ಕೆಂದೇ ಬೇರೆ ವೈದ್ಯರಿರುತ್ತಾರೆ ಎಂಬುದು ನಮಗೆ ತಿಳಿದದ್ದು ಆಕೆಯಿಂದ. ಇಬ್ಬರೂ ಒಟ್ಟಿಗೆ ಬಸ್ಸು ಹತ್ತಿ ಹೋದರು. ಔಷಧಿಯಿಂದ ಅಮ್ಮನ ಬೆಳಗಿನ ಬಿಗಿತ ಅರ್ಧಕ್ಕಿಳಿಯಿತು, ನೋವು ಪೂರ್ತಿ ಹೋಗಲಿಲ್ಲ. ಈಗಲೂ ಇದೆ. ಆದರೆ ಆ ದಿನದಿಂದ ಅಮ್ಮ ಅದನ್ನು ಬಚ್ಚಿಟ್ಟಿಲ್ಲ. ವಾರಕ್ಕೊಮ್ಮೆ ಇಬ್ಬರೂ ಜಗುಲಿಯ ಮೇಲೆ ಕೂರುತ್ತಾರೆ. ಒಮ್ಮೊಮ್ಮೆ ಮೂರನೆಯವರೂ ಬರುತ್ತಾರೆ.

ನಿಮ್ಮ ಬೀದಿಯಲ್ಲೂ, ನಿಮ್ಮ ಕಚೇರಿಯಲ್ಲೂ, ನೀವು ಕಾಯುವ ಆಸ್ಪತ್ರೆಯ ಸಾಲಿನಲ್ಲೂ ಅಂಥ ಒಬ್ಬರಿದ್ದಾರೆ. ಅವರು ಮಾತನಾಡುವವರೆಗೆ ಕಾಯಬೇಡಿ. ಮೊದಲ ಮಾತು ನೀವೇ ಆಡಿ.